ಎರಡನೆಯ ಮೆಹಿಟಬೆಲ್

ಅಪ್ಪಾ,

ನಿನ್ನ ಮೆಹಿಟಬೆಲ್ ಅಜ್ಜಿ ಸಿಕ್ಕಳು. ಹಡಗಿನಲ್ಲಿ ಮೊದಲು ಮ್ಯಾಸಚೂಸೆಟ್ಸಿಗೆ ಬಂದ ನಮ್ಮವರ ಮೊಮ್ಮಗಳು, ನೀನು ಹನ್ನೊಂದು ವರ್ಷ ಹುಡುಕಿ ಕೈಬಿಟ್ಟವಳು.

ಬೆಳಿಗ್ಗೆ ಊರಿನ ದಾಖಲೆ ಕಚೇರಿಗೆ ಹೋಗಿದ್ದೆ. ಕಿಟಕಿಯಾಚೆ ಸಮುದ್ರದ ಮಂಜು. ಹಳೆಯ ಜನನ-ಮರಣ ಪುಸ್ತಕದ ಪುಟಗಳ ಮೇಲೂ ಅದೇ ಮಬ್ಬು ಕವಿದು, ಹೆಸರುಗಳು ಅದರೊಳಗಿಂದ ಒಂದೊಂದಾಗಿ ನಡೆದು ಬರುತ್ತಿದ್ದವು. ಪುಸ್ತಕ ಕಾಯುವ ವಿನಿಫ್ರೆಡ್, "ಅಪ್ಪನ ಕುರ್ಚಿಗೆ ಮಗಳು ಬಂದ್ಲಾ? ಪುಣ್ಯಾತ್ಮ ಕೂತೂ ಕೂತೂ ಸವೆಸಿಬಿಟ್ಟ ಕಣಮ್ಮ!" ಅಂದಳು.

ನಿನ್ನ ನೋಟ್‌ಬುಕ್ಕು 1691ರ ಸಾವಿನ ದಾಖಲೆಗೇ ನಿಂತಿತ್ತು: "ಮೆಹಿಟಬೆಲ್ ಎರಡು ವರ್ಷಕ್ಕೇ ತೀರಿಕೊಂಡಿದ್ದಾಳೆ. ವಂಶ ಇವಳಿಂದ ಬಂದಿರಲಾರದು."

"ದಾಖಲೆಯ ಮುಂದಿನ ಪುಟ ತಿರುವಮ್ಮ," ಅಂದಳು ವಿನಿಫ್ರೆಡ್. "ಆಗೆಲ್ಲ ಸತ್ತ ಕೂಸಿನ ಹೆಸರನ್ನೇ ಮುಂದೆ ಹುಟ್ಟಿದ್ದಕ್ಕೆ ಇಡ್ತಿದ್ರು."

ತಿರುವಿದೆ. 1693, ಮತ್ತೆ ಮೆಹಿಟಬೆಲ್. ಬದುಕಿ ಎಂಟು ಮಕ್ಕಳನ್ನು ಹೆತ್ತವಳು.

ಆ ಪದ್ಧತಿ ನಿನಗೆ ಗೊತ್ತಿಲ್ಲದ್ದೇನಲ್ಲ. ನನಗಿಂತ ಮೊದಲು ಹುಟ್ಟಿ, ತೀರಿಹೋದ ಅಕ್ಕ ಲಿಡಿಯಾಳ ಹೆಸರನ್ನು ನನಗೆ ಇಟ್ಟವನು ನೀನೇ. ಇಟ್ಟೆ, ಆದರೆ ಒಂದು ದಿನವೂ ಹಾಗೆ ಕರೆಯಲಿಲ್ಲ. "ಏ ಹುಡುಗಿ" ಅನ್ನುತ್ತಿದ್ದೆ. ನಿನ್ನ ಕೊನೆಯ ವರ್ಷಗಳಲ್ಲಿ ನಾನು ಓಗೊಡುವುದನ್ನೇ ಬಿಟ್ಟಿದ್ದೆ.

ಹೊರಡುವಾಗ ವಿನಿಫ್ರೆಡ್ ಸಹಿಯ ಪುಸ್ತಕ ತಂದಿಟ್ಟಳು. ಬಂದವರು ತಾವು ಯಾರ ಸಲುವಾಗಿ ಹುಡುಕುತ್ತಿದ್ದೇವೆಂದು ಅದರಲ್ಲಿ ಬರೆಯಬೇಕು. ಹಿಂದಿನ ಪುಟಗಳಲ್ಲಿ ನಿನ್ನ ಅಕ್ಷರ, ಪ್ರತಿ ಸಲವೂ ಒಂದೇ ಸಾಲು: "ನನ್ನ ಮಗಳು ಲಿಡಿಯಾಳಿಗಾಗಿ."

ಯಾವ ಲಿಡಿಯಾ ಎಂದು ಅಲ್ಲಿರಲಿಲ್ಲ. ನಾನು ಓಗೊಟ್ಟೆ, ಅಪ್ಪಾ.