ಅವ್ವಾ, ನೀನು ಉಳಿಸಿದ್ದ ದಾರಿ ಕಡಿದೆವು

ಅವ್ವಾ,

ಮಡಿಲಲ್ಲಿ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ನಗಬೇಡ. ಮಾನಂದವಾಡಿ ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಕೂತಿದ್ದೇನೆ. ಸುಮಳನ್ನು ಒಳಗೆ ಕರೆದುಕೊಂಡು ಹೋಗಿದ್ದಾರೆ. ನೀನು ಎತ್ತಿ ಆಡಿಸಿದ ನನ್ನ ಮಗಳು, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು. ಹೆದರಿ ಹೆದರಿ ಅವಳ ಬಿ.ಪಿ. ಏರಿಬಿಟ್ಟಿದೆ ಎಂದು ನರ್ಸಮ್ಮ ಹೇಳಿ ಬಾಗಿಲು ಹಾಕಿಕೊಂಡರು. ಅಳಿಯ ಬರುವ ಬಸ್ಸು ಇನ್ನೂ ಬಾವಲಿ ದಾಟಿಲ್ಲ. ಈ ಹೊತ್ತಿನಲ್ಲಿ ಯಾರ ಹತ್ತಿರ ಹೇಳಿಕೊಳ್ಳಲಿ? ನೀನು ಹೋಗಿ ಎರಡು ಮಳೆಗಾಲ ಕಳೆದವು, ಆದರೂ ಭಯವಾದರೆ ಬಾಯಿಗೆ ಬರುವುದು ‘ಅವ್ವಾ’ ಎಂದೇ.

ನೀನು ಮೊದಲ ಸಲ ತೊಳಿಲುರಪ್ಪಿನ, ಅದೇ ಉದ್ಯೋಗ ಖಾತ್ರಿಯ, ಕೆಲಸಕ್ಕೆ ಹೊರಟ ಬೆಳಿಗ್ಗೆ ನೆನಪಿದೆಯೇ? ಮೆಣಸಿನ ಬಳ್ಳಿಗಳೆಲ್ಲ ಕೊಳೆತು, ಚೇಕಾಡಿಯಲ್ಲಿ ಯಾರ ತೋಟದಲ್ಲೂ ಕೂಲಿಯಿಲ್ಲದ ಕಾಲ. ಸರ್ಕಾರವೇ ಕೆಲಸ ಕೊಡುತ್ತದಂತೆ ಎಂದು ಪಂಚಾಯತ್ತಿನಿಂದ ಸುದ್ದಿ ಬಂತು. ಗದ್ದೆಯಿರುವ ಮನೆಯ ಹೆಂಗಸು ರಸ್ತೆಯಲ್ಲಿ ಮಣ್ಣು ಹೊರುವುದೇ ಎಂದು ಅಪ್ಪ ಮುಖ ಊದಿಸಿಕೊಂಡ. ನೀನು ಅವನ ಹಳೆ ಅಂಗಿಯನ್ನೇ ಸೀರೆಯ ಮೇಲೆ ತೊಟ್ಟು, ತಲೆಗೆ ತೋರ್ತು ಸುತ್ತಿ, ಗುದ್ದಲಿ ಹೆಗಲಿಗೇರಿಸಿ ಹೊರಟೆ. ಆಮೇಲೆ ನಿನ್ನನ್ನು ಹಿಡಿಯುವವರು ಯಾರು! ಕೆರೆ ತೆಗೆದಿರಿ, ತೋಡಿನ ದಡಕ್ಕೆ ಕಲ್ಲು ಕಟ್ಟಿದಿರಿ, ಗದ್ದೆಗೆ ದಾರಿ ಮಾಡಿದಿರಿ. ನೆಂಟರು ಬಂದರೆ ಕಾಪಿ ಕೊಡುವ ಮೊದಲೇ ಆ ಕೆರೆ ತೋರಿಸಲು ಎಳೆದೊಯ್ಯುತ್ತಿದ್ದೆ, ನಿನ್ನ ಸ್ವಂತ ಆಸ್ತಿಯೇನೋ ಎಂಬಂತೆ.

ಕಾಡಿನಂಚಿಗೆ ಆನೆ ಕಂದಕ ತೋಡಿದ ವರ್ಷ ನೀನೇ ಗುಂಪಿನ ಮೇಟ್, ಕೆಲಸ ಮಾಡಿಸುವವಳು. ಆನೆ ದಾಟದಷ್ಟು ಆಳ, ಅಗಲ. ಎಲ್ಲ ಮುಗಿಯುತ್ತ ಬಂದಾಗ ನಮ್ಮ ಮನೆಯ ಹಿಂದಿನ ಒಂದು ತುಂಡು ನೆಲಕ್ಕೆ ಗುದ್ದಲಿ ಹಾಕಲು ನೀನು ಬಿಡಲಿಲ್ಲ. ಆಚೆ ಕಾಡಿನೊಳಗೆ ನಮ್ಮ ದೇವರ ಕಲ್ಲಿದೆ. ವರ್ಷಕ್ಕೊಮ್ಮೆ ಕುಯ್ಲಿಗೆ ಮೊದಲು ದೇವರು ದೀಪದ ಜೊತೆ ಗದ್ದೆಗೆ ಬರುವುದು ಆ ನೆಲದ ಮೇಲೆಯೇ. ಓವರ್ಸಿಯರ್ ಎಷ್ಟು ಹೇಳಿದರೂ ಕೇಳದೆ, ಒಂದು ಗಾಡಿಯಗಲ ಮಣ್ಣನ್ನು ಹಾಗೇ ಉಳಿಸಿದೆ. ದೇವರಿಗೆ ಬಿಟ್ಟ ದಾರಿ ಆನೆಗೂ ಗೊತ್ತಾಗಲು ಎಷ್ಟು ದಿನ ಬೇಕು? ಊರವರು ನಿನ್ನನ್ನು ಬೈದರು. ನೀನು ಅಲ್ಲಿ ಅಡ್ಡಕ್ಕೆ ಬಿದಿರು ಕಟ್ಟಿದೆ, ಸಂಜೆ ಹೊಗೆ ಹಾಕಿದೆ, ಬೆಳಿಗ್ಗೆ ಕೋಲು ಹಿಡಿದು ಹೋಗಿ ನೆಲ ನೋಡಿಬಂದೆ. ನೀನಿರುವವರೆಗೆ ಹೇಗೋ ನಡೆಯಿತು.

ನಾನು ಹುಡುಗಿಯಾಗಿದ್ದಾಗ ಅಂಗಳ ಗುಡಿಸಲು ಪೊರಕೆ ಎತ್ತಿದರೆ ಸಾಕು, ನೀನು ಒಳಗಿನಿಂದಲೇ ಕೂಗುತ್ತಿದ್ದೆ: “ನೋಡ್ದೆ ಗುಡಿಸ್ಬ್ಯಾಡ ಕಣೆ! ಯಾರ್ ಬಂದ್ರು, ಯಾರ್ ಹೋದ್ರು ಅಂತ ನೆಲ ಕೇಳ್ಕೊ ಮೊದ್ಲು!” ಹಂದಿ ಬಂದಿತ್ತು, ಜಿಂಕೆ ಹೋಯಿತು ಎಂದು ನಾನು ಒದರಬೇಕಿತ್ತು, ಆಮೇಲೇ ಪೊರಕೆ. ಶಾಲೆಗೆ ತಡವಾಗುತ್ತದೆಂದು ಎಷ್ಟು ಸಿಡುಕಿದ್ದೇನೆ! ಮದುವೆಯಾಗಿ, ಸುಮ ಹುಟ್ಟಿ, ಅವಳಪ್ಪ ಇಲ್ಲವಾಗಿ ತವರಿಗೇ ಮರಳಿದ ಮೇಲೂ ನಿನ್ನ ಈ ಕೂಗು ತಪ್ಪಲಿಲ್ಲ. ನೀನು ಹೋದ ಮೇಲೆ ಕೂಗುವವರಿಲ್ಲ. ಎದ್ದವಳೇ ಗುಡಿಸುತ್ತೇನೆ.

ಈ ಬೇಸಿಗೆಯಲ್ಲಿ ಹಲಸು ಹಣ್ಣಾಗತೊಡಗಿದಾಗ ಕೊಂಬನಾನೆಯೊಂದು ಒಂಟಿಯಾಗಿ ಆ ದಾರಿ ಹಿಡಿದು ಬರತೊಡಗಿತು. ರಾತ್ರಿ ಬಂದು ನಸುಕಿಗೆ ಮೊದಲು ಹೋಗುತ್ತಿತ್ತು. ಒಂದು ಸಲ ನಮ್ಮ ಕೊಟ್ಟಿಗೆಯ ಹಂಚು ಮುರಿಯಿತು, ಸುಮ ಮಲಗಿದ್ದ ಕೋಣೆಗೂ ಅದಕ್ಕೂ ನಡುವೆ ಒಂದೇ ಗೋಡೆ. ಪಂಚಾಯತ್ತಿನಲ್ಲಿ ಉಳಿದ ತುಂಡನ್ನೂ ಕಡಿಯುವುದೆಂದು ಆಯಿತು. ಈಗ ಮೇಟ್ ಯಾರು ಹೇಳು? ನಾನೇ. ಬೇಡವೆನ್ನಲು ಬಾಯಿ ಬರಲಿಲ್ಲ, ಬಸುರಿ ಮಗಳು ಮನೆಯಲ್ಲಿದ್ದಾಳೆ. ಹ್ಞೂಂ ಎನ್ನಲೂ ಹೆದರಿಕೆ, ದೇವರ ದಾರಿ.

ಅದಕ್ಕೇ ನಿನ್ನೆ ಬೆಳಿಗ್ಗೆ ಎಲ್ಲರೂ ಮಿಂದು ಬಂದೆವು. ಗುದ್ದಲಿ ಮುಟ್ಟುವ ಮೊದಲು ಆ ನೆಲವನ್ನು ಗುಡಿಸಿ, ಸಗಣಿ ನೀರು ಚಿಮುಕಿಸಿ, ದೀಪ ಇಟ್ಟು, ತಪ್ಪಾಯಿತು ತಂದೆ, ಮಕ್ಕಳಿಗಾಗಿ ಕಡಿಯುತ್ತಿದ್ದೇವೆ ಎಂದು ಕೈ ಮುಗಿದೆವು. ದೇವಕಿ ಚೇಚಿಯಂತೂ ಒಂದು ಎಲೆಯೂ ಬಿಡದೆ ಗುಡಿಸಿದಳು. ನಿನ್ನ ಜೊತೆಗಾತಿ, ಅವಳ ಕೈ ನಿನಗೆ ಗೊತ್ತಲ್ಲ. ಫೋನಿನಲ್ಲಿ ಹಾಜರಿಯ ಫೋಟೋ ತೆಗೆದು ಕಳಿಸಿದೆ, ಕೆಲಸ ಶುರುವಾಯಿತು. ಹಳೆ ಕೈಗಳು, ಸಂಜೆಯೊಳಗೆ ಕಂದಕ ಕಂದಕಕ್ಕೆ ಸೇರಿತು. ಮನೆಗೆ ಬಂದು, ಇನ್ನು ನೆಮ್ಮದಿಯಾಗಿ ಮಲಗು ಎಂದು ಸುಮಳ ತಲೆಗೆ ಎಣ್ಣೆ ಹಚ್ಚಿದೆ. ನಾವು ಏನನ್ನು ಗುಡಿಸಿದೆವು ಎಂದು ನಿನಗೆ ಆಗಲೇ ತಿಳಿದಿರಬೇಕು ಅಲ್ಲವೇ ಅವ್ವಾ?

ದೀಪ ಹಚ್ಚುವ ಹೊತ್ತಿಗೆ ಹಿಂದೆ ಬಿದಿರು ಮುರಿದ ಸದ್ದಾಯಿತು. ಕಾಡಿನ ಕಡೆಯಿಂದಲ್ಲ, ನಮ್ಮ ಕಡೆಯಿಂದ. ಕೊಂಬ ಆ ದಿನ ಕಾಡಿಗೆ ಮರಳಿಯೇ ಇರಲಿಲ್ಲ. ಪಾಳು ಬಿದ್ದ ಕಾಪಿ ತೋಟದಲ್ಲಿ ಹಲಸು ತಿಂದು ಹಗಲಿಡೀ ನಿಂತಿತ್ತು. ಒಳಬಂದ ಹೆಜ್ಜೆ ಇತ್ತು, ಹೊರಹೋದ ಹೆಜ್ಜೆ ಇರಲಿಲ್ಲ, ನಾವು ಎರಡನ್ನೂ ನೋಡದೆ ಸಗಣಿ ಸಾರಿಸಿದ್ದೆವು. ಅದು ತನ್ನ ದಾರಿಗೆ ಬಂದು, ಹೊಸ ಗುಂಡಿಯ ಮುಂದೆ ನಿಂತು, ಸೊಂಡಿಲು ಇಳಿಬಿಟ್ಟು ತಡವಿತು. ಆಮೇಲೆ ಕೂಗಿತು ನೋಡು... ಆ ಕೂಗನ್ನು ನಾನು ಸಾಯುವವರೆಗೆ ಮರೆಯಲಾರೆ. ಆನೆ ಬರದಿರಲೆಂದು ತೋಡಿದ ಕಂದಕದ ಈಚೆ ಆನೆಯ ಜೊತೆ ನಾವೇ ಸಿಕ್ಕಿಬಿದ್ದಿದ್ದೆವು.

ಬೆಳಗಾಗುತ್ತಲೇ ಸುಮ “ಅಮ್ಮಾ, ಸೊಂಟ ಸೆಳೀತದೆ” ಎಂದಳು. ದಿನ ತುಂಬಲು ಇನ್ನೂ ಸಮಯವಿತ್ತು. ಕಿಟಕಿಯಿಂದ ನೋಡಿದರೆ ರಸ್ತೆಗೆ ಹೋಗುವ ಓಣಿಯಲ್ಲೇ ಅದು ನಿಂತಿದೆ, ಬಿದಿರಿಗೂ ಬೇಲಿಗೂ ನಡುವೆ, ಮೈತುಂಬ ಕೆಂಪು ಮಣ್ಣು. ಜೀಪು ಬಾರದು. ಅವಳನ್ನು ಹೊತ್ತುಕೊಂಡು ಹೋಗೋಣವೆಂದರೆ ಗದ್ದೆಬದುವಿನಲ್ಲಿ... ಇಲ್ಲ, ಆಗದು. ಫಾರೆಸ್ಟ್ ವಾಚರ್ ಕುಂಞಪ್ಪ ಪಟಾಕಿ ಹಿಡಿದು ದೂರದಲ್ಲಿ ನಿಂತಿದ್ದ. “ಇದನ್ನ ಹೊಡೆದ್ರೆ ಎಲ್ಲಿಗೆ ಓಡ್ತದೆ ಅಕ್ಕಾ? ಹೋಗಾಕೆ ವಳಿ, ದಾರಿನೇ ಇಲ್ವಲ್ಲ. ನಿಮ್ಮ ಮನೆ ಮೇಲೇ ಬತ್ತದೆ” ಎಂದ. ದೇವರಿಗೆ ಹೇಳಲೂ ಮುಖವಿಲ್ಲ, ಅವನ ದಾರಿ ಕಡಿದವಳು ನಾನೇ.

ದೇವಕಿ ಚೇಚಿಗೆ ಫೋನು ಮಾಡಿ ಏನು ಹೇಳಿದೆನೋ ತಿಳಿಯದು, ಅತ್ತೆನೋ ಏನೋ. ಸ್ವಲ್ಪ ಹೊತ್ತಿಗೆ ಗದ್ದೆಯ ಕಡೆಯಿಂದ ಹೆಂಗಸರ ಸಾಲು ಬಂತು. ಅಂಗಿ, ತೋರ್ತು, ಗುದ್ದಲಿ, ಮಂಕರಿ, ಎಲ್ಲ ನಿನ್ನ ಕಾಲದವರೇ. ಹಾಜರಿಯಿಲ್ಲ, ಫೋಟೋ ಇಲ್ಲ, ಯಾರೂ ಕೂಲಿಯ ಮಾತೆತ್ತಲಿಲ್ಲ. ಹಿಂದಿನ ದಿನ ತೆಗೆದು ಗುಡ್ಡೆ ಹಾಕಿದ ಮಣ್ಣನ್ನೇ ಮತ್ತೆ ಒಳಕ್ಕೆ ತಳ್ಳತೊಡಗಿದರು. ಸುಮಳ ಹತ್ತಿರ ಪಕ್ಕದ ಮನೆಯವಳನ್ನು ಕೂರಿಸಿ ನಾನೂ ಇಳಿದೆ. ಬೆನ್ನ ಹಿಂದೆ ಆನೆ ಉಸಿರು ಬಿಟ್ಟರೆ ಕೇಳುವಷ್ಟು ಹತ್ತಿರ. ಚೇಚಿ ಒಮ್ಮೆ ನನ್ನ ಭುಜ ಮುಟ್ಟಿ, “ಪೇಡಿಕ್ಕಂಡ ಮೋಳೆ, ನಿನ್ನ ಅವ್ವ ಇದ್ದಿದ್ರೆ ಇಷ್ಟೊತ್ತಿಗೆ ನಮ್ಗೆಲ್ಲ ಬೈದು ಮುಗಿಸ್ತಿದ್ಲು” ಎಂದಳು. ಹೆದರಬೇಡ ಮಗಳೇ ಎಂದವಳೇ ಮತ್ತೆ ಮಂಕರಿ ತುಂಬತೊಡಗಿದಳು.

ಮಣ್ಣು ಮೇಲಕ್ಕೆ ಬಂದ ಮೇಲೆ ನಾವೆಲ್ಲ ಅಂಗಳಕ್ಕೆ ಓಡಿ ಜಗಲಿಯಲ್ಲಿ ಒಬ್ಬರಿಗೊಬ್ಬರು ಒತ್ತಿ ನಿಂತೆವು. ಅದು ಬಂತು. ಮುಂಗಾಲಿಟ್ಟು ಮಣ್ಣು ಒತ್ತಿ ನೋಡಿತು, ಹಿಂದೆ ಸರಿಯಿತು. ಹಸಿ ಮಣ್ಣು ಕುಸಿದರೆ? ಕುಸಿದು ಬಿದ್ದರೆ, ಅಲ್ಲೇ ಹೊರಳಾಡಿದರೆ... ಒಳಗೆ ಸುಮ ನರಳುತ್ತಿದ್ದಳು, ಹೊರಗೆ ಅದು ನಿಧಾನಿಸುತ್ತಿತ್ತು. ನಾನು ಕಣ್ಣು ಮುಚ್ಚಿಬಿಟ್ಟೆ ಅವ್ವಾ. “ದಾಟ್ತು” ಎಂದು ಯಾರೋ ಪಿಸುಗುಟ್ಟಿದಾಗಲೂ ತೆರೆಯಲು ಧೈರ್ಯವಿರಲಿಲ್ಲ. ಜೀಪು ಬಂದದ್ದು, ಸುಮಳನ್ನು ಹತ್ತಿಸಿದ್ದು, ಪುಲ್ಪಳ್ಳಿ ದಾಟಿದ್ದು ಸರಿಯಾಗಿ ನೆನಪಿಲ್ಲ. ಉಗುರುಗಳಲ್ಲಿ ಇನ್ನೂ ಆ ಮಣ್ಣಿದೆ.

ಇಲ್ಲಿಯವರೆಗೆ ಬರೆದಿದ್ದೆ, ಬಾಗಿಲು ತೆರೆಯಿತು. ಹೆಣ್ಣು ಮಗು, ಅವ್ವಾ. ಚಿಕ್ಕದು, ಆದರೆ ಗಂಟಲು ನಿನ್ನದೇ, ವರಾಂಡಕ್ಕೆಲ್ಲ ಕೇಳುವಂತೆ ಕೂಗುತ್ತಿದೆ. ಸುಮ ಚೆನ್ನಾಗಿದ್ದಾಳೆ, ನೀರು ಕೇಳಿದಳಂತೆ. ನನಗೆ ಅಳು ಬಂತು, ಅಳುತ್ತಲೇ ಮತ್ತೆ ಹೆದರಿಕೆ ಶುರುವಾಯಿತು. ಈ ಎಳೆಗೂಸನ್ನು ಎತ್ತಿಕೊಂಡು ಹೋಗಬೇಕಾದದ್ದು ಆ ಮನೆಗೇ, ಆ ಕಾಡಂಚಿಗೇ ಅಲ್ಲವೇ? ನಾವು ತುಂಬಿದ ದಾರಿ ಅಲ್ಲಿ ಹಾಗೇ ಬಾಯಿ ತೆರೆದುಕೊಂಡು ಬಿದ್ದಿದೆ. ಓವರ್ಸಿಯರ್ ಆಗಲೇ ಫೋನು ಮಾಡಿದ್ದ, ಮತ್ತೆ ಕಡಿಯಲೇಬೇಕಂತೆ. ಕಡಿಯುತ್ತೇವೆ. ದೇವರು ಬರುವ ದಿನ ಕಂದಕದ ಮೇಲೆ ಎರಡು ಬಿದಿರು ಹಾಸುತ್ತೇವೆ, ಆತನಿಗೆ ಅಷ್ಟು ಅಗಲ ಸಾಕು ಎನ್ನುತ್ತಾಳೆ ಚೇಚಿ. ಸಾಕಾದೀತೇ, ನೀನೇ ಅವನ ಹತ್ತಿರ ಕೇಳಿ ನೋಡು.

ನಾನು ಮಾತು ಕೊಡುವುದು ಒಂದೇ. ಗುದ್ದಲಿ ಎತ್ತುವ ಮೊದಲು, ದೀಪಕ್ಕೂ ಮೊದಲು, ನಿನ್ನ ಕೋಲು ಹಿಡಿದು ನಾನೊಬ್ಬಳೇ ಹೋಗಿ ಆ ನೆಲ ನೋಡುತ್ತೇನೆ. ಬಂದ ಹೆಜ್ಜೆಗಳಷ್ಟೂ ಹೋಗಿವೆಯೇ ಎಂದು ಬಗ್ಗಿ ನೋಡುತ್ತೇನೆ. ಹೋಗಿದ್ದರೆ ಮಾತ್ರ, ಆಮೇಲೇ ಪೊರಕೆ.

ನಿನ್ನ ಮರಿಮಗಳಿಗೂ ಇದನ್ನೇ ಮೊದಲು ಕಲಿಸುತ್ತೇನೆ. ಸಿಡುಕಲಿ ಬಿಡು, ನಾನೂ ಸಿಡುಕಿದ್ದೆನಲ್ಲ.

ನಿನ್ನ ಮಗಳು