ಕಿರುಗುಟ್ಟುವ ಮೆಟ್ಟಿಲು ಹಾಗೇ ಇರಲಿ

ಲೋ ಗುಂಡ,

ಹಲ್ಲು ಆಮೇಲೆ ಉಜ್ಜು, ಮೊದಲು ಕೋಟೆ ಹಿಂದಿನ ಅಜ್ಜಿ ಮನೆಗೆ ಓಡು. ಇವತ್ತು ರಿಪೇರಿಗೆ ಬರೋ ಬಡಗಿ ಫೋನ್ ಎತ್ತುತ್ತಿಲ್ಲ, ನನಗೆ ಡ್ಯೂಟಿಗೆ ಹೊತ್ತಾಯ್ತು. ಅವರು ಆ ಕಿರುಗುಟ್ಟೋ ಮೆಟ್ಟಿಲನ್ನ ಕಿತ್ತರೆ ಬಾಡಿಗೆಯವರು ಕೈತಪ್ಪಿ ಹೋಗ್ತಾರೆ.

ಹೌದು ಕಣೋ, ಮನೆ ಒಪ್ಪಿಗೆ ಆಯ್ತು! ನಿನ್ನೆ ನೋಡೋಕೆ ಬಂದ ಟೀಚರಮ್ಮ, ನಾನು ಜೀವ ತೇದು ಮಾಡಿಸಿದ ಹೊಸ ಅಡುಗೆಮನೇನ ಕಣ್ಣೆತ್ತಿಯೂ ನೋಡಲಿಲ್ಲ. ಮೆಟ್ಟಿಲು ಕಿರ್ ಅಂದದ್ದೇ ತಡ, ಇಳಿದು ಮತ್ತೆ ಹತ್ತಿದರು. ಮುಖ ಅರಳಿತು. "ನಂಗೆ ಬೆಳೆದ ಗಂಡುಮಕ್ಕಳು ಇಬ್ಬರು, ರಾತ್ರಿ ತಡವಾಗಿ ಕಳ್ಳಹೆಜ್ಜೆ ಇಟ್ಕೊಂಡು ಮನೆಗೆ ಬರ್ತಾರೆ. ಇದೊಂದನ್ನ ರಿಪೇರಿ ಮಾಡಿಸಬೇಡಿ, ಮನೆ ನಮಗೇ ಕೊಡಿ" ಅಂದ್ರು.

"ಅದು ಅಜ್ಜಿಯ ಕಾವಲುನಾಯಿ, ಮುಟ್ಟಬೇಡ" ಅಂತ ನೀನು ಬಡ್ಕೊಂಡಿದ್ದೇ ಸರಿ. ಒಂದೇ ಸಲ ಬರೀತೀನಿ, ಇನ್ನೊಂದು ಸಲ ಹೇಳು ಅನ್ನಬೇಡ.

ಸಂಜೆ ಅವರು ಮಕ್ಕಳ ಜೊತೆ ಕರಾರಿಗೆ ಸಹಿ ಹಾಕೋಕೆ ಬರ್ತಾರೆ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ನೀನೂ ಬಾ. ಆದ್ರೆ ಗೋಡೆ ಅಂಚಿಗೆ ಕಾಲಿಟ್ಟರೆ ಆ ಮೆಟ್ಟಿಲು ಉಸಿರೆತ್ತಲ್ಲ ಅಂತ ಹುಡುಗರಿಗೆ ಹೇಳಿಕೊಟ್ಟೀಯ, ಜೋಕೆ! ನಾವು ಅಜ್ಜಿಗೆ ಟೋಪಿ ಹಾಕ್ತಿದ್ದ ಗುಟ್ಟು, ಸಹಿ ಆಗೋವರೆಗಾದ್ರೂ ನಿನ್ನ ಹೊಟ್ಟೇಲೇ ಇರಲಿ.

— ಅಕ್ಕ