ಯಂತ್ರದಲ್ಲಿ ಉಳಿದ ದನಿ

ಮಾರ್ಚ್ ೧೨, ಗುರುವಾರ

ಕಣ್ಣು ಮುಚ್ಚಿದರೆ ಇನ್ನೂ ಅದೇ ದನಿ. "ಉಸಿರು ಎಳ್ಕೊಳ್ಳಿ... ಹಾಗೇ ಹಿಡ್ಕೊಳ್ಳಿ... ಈಗ ಬಿಡಿ."

ನಮ್ಮ ಸಿ.ಟಿ. ಯಂತ್ರ ಇಷ್ಟು ವರ್ಷ ಮಾತಾಡುತ್ತಾ ಬಂದಿರುವುದು ನಿವೃತ್ತ ಟೆಕ್ನಿಷಿಯನ್ ಒಬ್ಬರು ಹಿಂದೆ ರೆಕಾರ್ಡ್ ಮಾಡಿಟ್ಟ ದನಿಯಲ್ಲಿ. ವಿಭಾಗದಲ್ಲಿ ಎಲ್ಲರಿಗೂ ಅವರು ಮಾವ. ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆ ತೆಗೆದ ಮೇಲೆ ಅವರಿಗೆ ಮಾತಿಲ್ಲ. ರೋಗ ಶ್ವಾಸಕೋಶಕ್ಕೆ ಹರಡಿದೆಯೇ ಎಂದು ನೋಡಲು ಇಂದು ಅದೇ ಯಂತ್ರದೊಳಗೆ ಮಲಗಿದ್ದರು. ತಮ್ಮ ದನಿ ಹೇಳಿದಂತೆ ತಾವೇ ಉಸಿರು ಹಿಡಿದರು. ಗಾಜಿನ ಈಚೆ, ನನ್ನ ಪಕ್ಕ ನಿಂತಿದ್ದ ಅವರ ಹೆಂಡತಿಯೂ ಹಿಡಿದರು. 'ಬಿಡಿ' ಎಂದ ಮೇಲೂ ಬಿಡಲಿಲ್ಲ.

"ಇದೇ ದನೀಲೇ ನಂಗೆ ಬೈತಿದ್ದಿದ್ದು ಡಾಕ್ಟ್ರೇ," ಎಂದರು ಕೊನೆಗೆ. "ಟೀ ತಣ್ಣಗಿದೆ ಅಂತ."

ಆಮೇಲೆ ಕತ್ತಲ ಕೋಣೆಯಲ್ಲಿ ಕೂತು ಚಿತ್ರಗಳನ್ನು ಒಂದೊಂದಾಗಿ ಸರಿಸಿದೆ. ಬೂದು ಮೋಡದೊಳಗೆ ಮೆಲ್ಲಗೆ ಇಳಿದ ಹಾಗೆ, ಮಾವನ ಉಸಿರಿನ ಕವಲುಗಳ ನಡುವೆ ತೇಲುತ್ತಾ ಹೋದೆ. ಎಡಗಡೆ ಸಾಸಿವೆಯಷ್ಟು ಚುಕ್ಕೆ. ಹಳೆಯ ಕಲೆಯೇ ಇರಬೇಕು. ನನ್ನ ವಿದ್ಯಾರ್ಥಿನಿ ವರದಿಯಲ್ಲಿ ಹಾಗೆಂದು ಬರೆದಿದ್ದರೆ ಸಹಿ ಹಾಕಿಬಿಡುತ್ತಿದ್ದೆ. ಆದರೂ ಮೂರು ತಿಂಗಳ ನಂತರ ಮತ್ತೊಮ್ಮೆ ಸ್ಕ್ಯಾನ್ ಆಗಲಿ ಎಂದು ಬರೆದೆ.

ಹೇಳಿದರೆ ಮಾವನ ಹೆಂಡತಿ ಹೆದರುತ್ತಾರೆ ಅಂದುಕೊಂಡಿದ್ದೆ. ಮುಖ ಅರಳಿತು.

"ಹಾಗಾದ್ರೆ ಇನ್ನೊಂದ್ಸಲ ಕೇಳ್ಬಹುದು ಅನ್ನಿ."

ಚುಕ್ಕೆಯನ್ನು ನೋಡಿ ಬರೆದೆನೋ, ಆಕೆಯನ್ನು ನೋಡಿ ಬರೆದೆನೋ. ಮಲಗೋಣವೆಂದರೆ ಉಸಿರು ಅಲ್ಲೇ ನಿಂತಿದೆ. ಈಗ ಬಿಡಿ ಅಂತ ನನಗೂ ಒಂದು ಸಲ ಹೇಳಿ ಮಾವ, ಹೇಗಾದರೂ.